ಮುರಿದ ಯಂತ್ರವೂ ಅಗ್ಗದ ಯಂತ್ರವೂ

(ಸಂತೆಮರಹಳ್ಳಿಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರದ ಮಾತೆಂದರೆ ಕಾಡು, ಆನೆ, ನದಿಗಳ ಮಾತೇ ಆಗಬೇಕೆಂದು ನೀವು ನಿರೀಕ್ಷಿಸುವುದು ಸಹಜ. ಆದರೆ ನಾನಿಂದು ಮಾತನಾಡಬೇಕೆಂದಿರುವುದು ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಕೆಟ್ಟ ಯಂತ್ರಗಳ ಬಗೆಗೆ. ಕಳೆ ಕೊಚ್ಚುವ ಯಂತ್ರ, ಡ್ರಿಲ್ಲಿಂಗ್ ಮಷಿನ್, ಕಬ್ಬಿಣ ಕೊಯ್ಯುವ ಗ್ರೈಂಡರ್, ಪವರ್ ಸ್ಪ್ರೇಯರ್, ಸುಟ್ಟುಹೋದ ಪಂಪಿನ ಮೋಟಾರು. ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಈ ಸುತ್ತಿನಲ್ಲಿ ಈಗ ಅಪರೂಪ. ಹೇಗೆ ಕೆಟ್ಟಿತೆಂದು ಕೇಳಿದರೆ ಬರುವ ಉತ್ತರ ಒಂದೇ: "ಏನೋ, ಆಕಸ್ಮಿಕವಾಗಿ ಹೋಯಿತು. ಹೋಗಲಿ ಬಿಡಿ, ಹೊಸದೇ ಅಗ್ಗಕ್ಕೆ ಸಿಗುತ್ತದೆ."

ಈ ಉತ್ತರದ ಎರಡು ಭಾಗಗಳನ್ನೂ ನಾನು ಒಪ್ಪಲಾರೆ.

ಮೊದಲು ಆಕಸ್ಮಿಕದ ಮಾತು. ಬಿಳಿಗಿರಿರಂಗನಬೆಟ್ಟದ ತಪ್ಪಲಿನ ಹೊಲಗಳ ಅಂಚಿಗೆಲ್ಲ ಲಂಟಾನ ಹಬ್ಬಿದೆ. ಹುಲ್ಲು ಕೊಯ್ಯಲೆಂದು ಮಾಡಿದ ಯಂತ್ರವನ್ನು ಹಳೆಯ ಲಂಟಾನದ ಮರದಂಥ ಬುಡಕ್ಕೆ ಒಡ್ಡಿದರೆ ಅಲಗು ಮುರಿಯುತ್ತದೆ, ಇಲ್ಲವೇ ಅದರ ಹೊಡೆತ ತುದಿಯ ಗೇರಿಗೆ ತಾಗಿ ಹಲ್ಲುಗಳು ಸವೆಯುತ್ತವೆ. ಇಷ್ಟು ಮಾಡಿಯೂ ಲಂಟಾನ ಸಾಯುವುದಿಲ್ಲ. ನೆಲದ ಮೇಲೆ ಕತ್ತರಿಸಿದ ಬುಡದಿಂದ ಮುಂದಿನ ಮಳೆಗೆ ನಾಲ್ಕು ಪಟ್ಟು ಚಿಗುರು ಏಳುತ್ತದೆ. ಬೇರಿಗೂ ಕಾಂಡಕ್ಕೂ ಸೇರುವ ಕತ್ತಿನ ಭಾಗದ ಕೆಳಗೆ, ಮಣ್ಣಿನೊಳಗೆ ಕಡಿದು, ಗಿಡವನ್ನು ತಲೆಕೆಳಗಾಗಿ ಒಣಗಹಾಕಿದರೆ ಮಾತ್ರ ಅದು ಸಾಯುತ್ತದೆ. ಆ ಕೆಲಸಕ್ಕೆ ಬೇಕಾದ ಸಾಧನ ಗುದ್ದಲಿ. ಯಂತ್ರ ಮುರಿದದ್ದು ಅದಕ್ಕೆ ಸಲ್ಲದ ಕೆಲಸದಲ್ಲಿ.

ವಿದ್ಯುತ್ತಿನ ಕೈಯಂತ್ರಗಳ ಕಥೆ ಬೇರೆ. ಡ್ರಿಲ್ಲನ್ನೋ ಗ್ರೈಂಡರನ್ನೋ ಬಲವಾಗಿ ಒತ್ತಿದಷ್ಟೂ ಅದರ ತಿರುಗುವ ವೇಗ ಇಳಿಯುತ್ತದೆ. ವೇಗ ಇಳಿದಾಗ ಅದು ಎಳೆಯುವ ಕರೆಂಟು ಏರುತ್ತದೆ, ಅದೇ ಹೊತ್ತಿಗೆ ಒಳಗಿನ ಪುಟ್ಟ ಫ್ಯಾನಿನ ಗಾಳಿ ಕಡಿಮೆಯಾಗುತ್ತದೆ. ಕಾವು ಹೆಚ್ಚಿ ತಾಮ್ರದ ತಂತಿಯ ಮೇಲಿನ ತೆಳು ಲೇಪ ಸುಡುತ್ತದೆ. ನಿಮ್ಮ ಮೂಗಿಗೆ ಬರುವ ವಾಸನೆ ಅದೇ. ಆಗ ಒತ್ತುವುದನ್ನು ಬಿಟ್ಟು ಒಂದೆರಡು ನಿಮಿಷ ಯಂತ್ರವನ್ನು ಬರಿದೇ ಓಡಿಸಿದರೆ ಸಾಕು, ಫ್ಯಾನು ತನ್ನ ಕೆಲಸ ಮಾಡುತ್ತದೆ. ಮನೆಯಿಂದ ಹೊಲಕ್ಕೆ 100 ಮೀಟರ್ ಸಣ್ಣ ತಂತಿ ಎಳೆಯುವುದು ಇನ್ನೊಂದು ಕಾರಣ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 4 ಆಂಪಿಯರ್ ಹರಿದರೆ ಹೋಗಿಬರುವ ದಾರಿಯಲ್ಲೇ ಸುಮಾರು 14 ವೋಲ್ಟ್ ಕಳೆದುಹೋಗುತ್ತದೆ. ಹಳ್ಳಿಯ ವೋಲ್ಟೇಜು ಮೊದಲೇ ಕಡಿಮೆಯಿದ್ದರಂತೂ ಯಂತ್ರ ಸೊರಗುತ್ತದೆ, ನಾವು ಇನ್ನಷ್ಟು ಒತ್ತುತ್ತೇವೆ. ಪಂಪಿನ ಮೋಟಾರಿನಲ್ಲಿ ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡು ಸುಮಾರು ಒಂದೂಮುಕ್ಕಾಲು ಪಟ್ಟು ಭಾರ ಹೊರಬೇಕಾಗುತ್ತದೆ. ಅದನ್ನು ತಡೆಯುವ ಸಾಧನ ಸ್ಟಾರ್ಟರಿನಲ್ಲಿ ಇದೆಯೇ ಎಂದು ಎಷ್ಟು ಜನ ನೋಡಿಕೊಂಡಿದ್ದೀರಿ?

ಇನ್ನು ಅಗ್ಗದ ಮಾತು. ಡ್ರಿಲ್ಲು ಕಿಡಿ ಹಾರಿಸಿ ನಿಂತುಹೋಯಿತೆಂದು ಎಸೆಯುವವರು ಅನೇಕರು. ಬಹಳ ಸಲ ಅಲ್ಲಿ ಸವೆದಿರುವುದು ಒಂದು ಜೊತೆ ಕಾರ್ಬನ್ ಬ್ರಷ್ ಮಾತ್ರ. ಅದು ಸವೆಯಲೆಂದೇ ಇಟ್ಟಿರುವ ವಸ್ತು, ಅದರ ಬೆಲೆ ಯಂತ್ರದ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ. ಸಂತೆಮರಹಳ್ಳಿಯವರಿಗೆ ಸಣ್ಣದರ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಒಂದೇ ಮತದ ಅಂತರದಿಂದ ಫಲಿತಾಂಶ ಬಂದ ಕ್ಷೇತ್ರವಿದು. ಮುಂದೆ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಆ ಹೆಸರು ಹೋಯಿತು, ನೆನಪು ಹೋಗಿಲ್ಲ.

ಎಲ್ಲವನ್ನೂ ದುರಸ್ತಿ ಮಾಡಿಸಲೇಬೇಕೆಂಬ ಹಟ ನನ್ನದಲ್ಲ. ಅತಿ ಅಗ್ಗದ ಡ್ರಿಲ್ಲಿನ ಆರ್ಮೇಚರನ್ನು ಮತ್ತೆ ಸುತ್ತಿಸುವ ಖರ್ಚು ಹೊಸದರ ಬೆಲೆಯ ಹತ್ತಿರಕ್ಕೇ ಬರಬಹುದು. ಹೊರಕವಚ ಸೀಳಿ ತಂತಿ ಕಾಣುವ ಯಂತ್ರವನ್ನು ಟೇಪು ಸುತ್ತಿ ನಡೆಸುವುದು ಸಾವಿನೊಡನೆ ಸರಸ. ಗ್ರೈಂಡರಿನ ಗಾರ್ಡು ಮುರಿದಿದ್ದರೆ ಹೊಸ ಗಾರ್ಡು ಹಾಕುವವರೆಗೆ ಅದನ್ನು ಮುಟ್ಟಬೇಡಿ. ನಾಲ್ಕಂಗುಲದ ಬಿಲ್ಲೆ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ, ಒಡೆದರೆ ಚೂರು ಎಲ್ಲಿಗೆ ಹಾರುವುದೆಂದು ಯಾರೂ ಹೇಳಲಾರರು. ಆದರೆ ಅಗ್ಗವೆಂದು ಕೊಂಡ ಯಂತ್ರಕ್ಕೆ ಬಿಡಿಭಾಗವೇ ಸಿಗದಿದ್ದರೆ, ಮೂರು ವರ್ಷಕ್ಕೆ ಮೂರು ಯಂತ್ರ ಕೊಂಡವನು ಒಳ್ಳೆಯದೊಂದರ ಬೆಲೆಯನ್ನು ತೆತ್ತೇ ಇರುತ್ತಾನೆ. ಕೊಯ್ಲಿನ ನಡುವೆ ಕೆಲಸ ನಿಂತ ನಷ್ಟ ಬೇರೆ.

ಆ ಮೂರು ಯಂತ್ರಗಳು ಹೋಗುವುದೆಲ್ಲಿಗೆ? ಗುಜರಿಗೆ. ಅಲ್ಲಿ ತಾಮ್ರಕ್ಕಾಗಿ ತಂತಿಯ ಪ್ಲಾಸ್ಟಿಕ್ಕನ್ನು ಬಯಲಲ್ಲೇ ಸುಡುತ್ತಾರೆ. ಪಿವಿಸಿ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ. ಅದು ಹುಲ್ಲಿನ ಮೇಲೆ ಕೂತು, ಹಸುವಿನ ಮೂಲಕ ಹಾಲಿಗೆ ಬರುತ್ತದೆ. ಹೊಸ ಯಂತ್ರದ ತಾಮ್ರಕ್ಕಾಗಿ ಮತ್ತೆಲ್ಲೋ ನೆಲ ಅಗೆಯಬೇಕು. ಇಂದು ಜಗತ್ತಿನಲ್ಲಿ ಅಗೆಯುವ ತಾಮ್ರದ ಅದಿರಿನಲ್ಲಿ ಸರಾಸರಿ ಶೇಕಡಾ 1ಕ್ಕಿಂತಲೂ ಕಡಿಮೆ ತಾಮ್ರವಿರುತ್ತದೆ, ಎಂದರೆ ಒಂದು ಕಿಲೋ ತಾಮ್ರಕ್ಕೆ ನೂರು ಕಿಲೋಗೂ ಹೆಚ್ಚು ಅದಿರು. ಕರಿಕಲ್ಲಿನ ಗಣಿಗಳನ್ನು ಕಣ್ಣಾರೆ ಕಂಡ ಚಾಮರಾಜನಗರದವರಿಗೆ ಅಗೆತವೆಂದರೇನೆಂದು ಗೊತ್ತು.

ಕಾನೂನು ಸ್ವಲ್ಪ ಎಚ್ಚೆತ್ತಿದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಡ್ರಿಲ್ಲು, ಗರಗಸಗಳಂತಹ ವಿದ್ಯುತ್ ಉಪಕರಣಗಳೂ ಅವುಗಳ ವ್ಯಾಪ್ತಿಗೆ ಸೇರಿವೆ, ತಯಾರಕರಿಗೆ ಮರುಬಳಕೆಯ ಹೊಣೆಯಿದೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ರಚಿಸಿದಾಗ, ಮೊದಲು ಗಮನಿಸಬೇಕಾದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದಾಗಿತ್ತು. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಕಾನೂನನ್ನೇ ತಂದು, ರೈತರಿಗೆ ಬಿಡಿಭಾಗ, ಕೈಪಿಡಿಗಳನ್ನು ಒದಗಿಸುವುದು ತಯಾರಕರ ಕರ್ತವ್ಯವೆಂದಿತು. ನಮ್ಮಲ್ಲಿ ಆ ಕರ್ತವ್ಯ ಬರುವುದು ನೀವು ಕೇಳಿದಾಗ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು, ಇದರ ಬ್ರಷ್, ಬೇರಿಂಗ್, ಗೇರು ನಿಮ್ಮಲ್ಲಿ ಇದೆಯೇ, ತೋರಿಸಿ ಎಂದು ಕೇಳಿ.

ವರ್ಷಕ್ಕೆ ನಾಲ್ಕು ದಿನ ಬೇಕಾಗುವ ಯಂತ್ರವನ್ನು ಮನೆಮನೆಯೂ ಕೊಳ್ಳುವುದೇಕೆ ಎಂಬುದೂ ಯೋಚಿಸತಕ್ಕದ್ದು. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳ ಹಿಂದಿರುವ ಬಾಡಿಗೆಯ ತತ್ವವನ್ನೇ ಹತ್ತು ಮನೆಗಳು ಸೇರಿ ಸಣ್ಣ ಪ್ರಮಾಣದಲ್ಲಿ ನಡೆಸಬಹುದು. ಒಂದು ಷರತ್ತು: ಯಂತ್ರ ಎಲ್ಲರದ್ದಾದರೂ ಅದರ ಉಸ್ತುವಾರಿ ಒಬ್ಬರದ್ದೇ ಆಗಿರಬೇಕು. ಇಲ್ಲವಾದರೆ ಊರ ದನಕ್ಕೆ ಯಾರೂ ಹುಲ್ಲು ಹಾಕದಂತೆ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ವೈಂಡಿಂಗ್ ಬಲ್ಲವರ ಅಂಗಡಿಗಳನ್ನು ಉಳಿಸಿಕೊಳ್ಳಿ. ಊರಿನ ಕುಲುಮೆಗಳು ಆರಿದ ಮೇಲೆ ಕುಡುಗೋಲಿಗೆ ಹಲ್ಲು ಹಾಕಿಸಲು ಅಲೆಯುವಂತಾದುದನ್ನು ಹಿರಿಯರು ನೋಡಿದ್ದೀರಿ. ಹುಡುಗರಿಗೆ ಆ ವಿದ್ಯೆ ಕಲಿಸುವವರಿಗೆ ಗ್ರಾಹಕರೇ ಇಲ್ಲದಂತೆ ಮಾಡಬೇಡಿ.

ಕೊನೆಯದಾಗಿ ಪೆಟ್ರೋಲ್ ಯಂತ್ರ ಇಟ್ಟುಕೊಂಡವರಿಗೆ ಒಂದು ಮಾತು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40. ಅಂದಾಜು ಬೇಡ, ಅಳತೆಯ ಲೋಟ ಬಳಸಿ. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಯಂತ್ರಗಳ ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ಆದ್ದರಿಂದ ಹಂಗಾಮು ಮುಗಿದ ದಿನವೇ ಟ್ಯಾಂಕನ್ನು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದೂ ತೀರುವವರೆಗೆ ಎಂಜಿನ್ ಓಡಿಸಿ, ಆಮೇಲೆ ಯಂತ್ರವನ್ನು ಅಟ್ಟಕ್ಕೆ ಏರಿಸಿ.