ಆರಾಧನೆಯ ವರ್ಷ, ಸಂಚಾರದ ವರ್ಷ

ವರ್ಷವೆಂಬುದು ಎಲ್ಲಿ ಮೊದಲಾಗುತ್ತದೆಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಎಂದೂ ಒಮ್ಮತವಿಲ್ಲ. ಸರ್ಕಾರದ ಲೆಕ್ಕಕ್ಕೆ ಅದು ಏಪ್ರಿಲ್ ತಿಂಗಳು. ನನ್ನಂತೆ ಪಾಠ ಹೇಳಿ ಜೀವಿಸುವವರಿಗೆ ಕಾಲೇಜಿನ ಬಾಗಿಲು ತೆರೆದ ದಿನ. ನೆರೆಮನೆಯವರಿಗೆ ಯುಗಾದಿ, ಅವರು ಕಳುಹಿಸುವ ಬೇವುಬೆಲ್ಲದ ದೆಸೆಯಿಂದ ನಮಗೂ ಅಷ್ಟಿಷ್ಟು ಯುಗಾದಿ. ಕ್ರೈಸ್ತ ಸಭೆಯ ಪಂಚಾಂಗವಾದರೋ ಇವೊಂದನ್ನೂ ಒಪ್ಪುವುದಿಲ್ಲ. ಕ್ರಿಸ್‌ಮಸ್ ಹಬ್ಬಕ್ಕೆ ಹಿಂದಿನ ನಾಲ್ಕನೆಯ ಭಾನುವಾರದಲ್ಲಿ ಆಗಮನ ಕಾಲವೆಂಬ ಹೆಸರಿನಿಂದ ಅದರ ಹೊಸ ವರ್ಷ ಪ್ರಾರಂಭವಾಗುತ್ತದೆ. ಪಟಾಕಿಯಿಲ್ಲ, ಸಿಹಿಯಿಲ್ಲ, ಕಾದಿರುವುದೇ ಆ ಹಬ್ಬದ ಆಚರಣೆ. ಹೀಗೆ ಕಾಯುವುದರಿಂದ ಆರಂಭವಾಗುವ ವರ್ಷ ಇನ್ನಾವ ಪಂಚಾಂಗದಲ್ಲಿಯೂ ನನಗೆ ಕಂಡಿಲ್ಲ.

ಶ್ರೋತೃಗಳೆ, ಈಚೆಗೆ ಕಳೆದ ಒಂದು ವರ್ಷವನ್ನು ಈ ಪಂಚಾಂಗದ ಪ್ರಕಾರ ಹಿಂತಿರುಗಿ ನೋಡಿದೆ. ನಮ್ಮ ವಾಸ ಹಾಸನದಲ್ಲಿ. ಸಭೆ ಚಿಕ್ಕದು, ಹಿರಿಯರು ಹೆಚ್ಚು, ಎಳೆಯರು ಕಡಮೆ. ಓದು ಮುಗಿದ ಮಕ್ಕಳು ಬೆಂಗಳೂರಿಗೆ ಹೋಗಿ ಅಲ್ಲಿಯೇ ನಿಲ್ಲುತ್ತಾರೆ. ಆದುದರಿಂದ ಆರಾಧನೆಯೂ ಕುಟುಂಬದ ಸಂಚಾರವೂ ನಮ್ಮಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಮಕ್ಕಳು ಊರಿಗೆ ಬಂದ ಭಾನುವಾರವೇ ದೇವಾಲಯ ತುಂಬುವುದು. ಅದೇ ದಿನವೇ ಬುತ್ತಿ ಕಟ್ಟಿಕೊಂಡು ಹೊರಡಬೇಕೆಂಬ ಆಸೆ ಹುಟ್ಟುವುದು. ಸಭೆಯ ಹಿರಿಯರಲ್ಲಿ ಕೆಲವರಿಗೆ ಇದು ಹಿಡಿಸದು. ಭಾನುವಾರ ವಿಶ್ರಾಂತಿಯ ದಿನವೇ ಹೊರತು ವಿಹಾರದ ದಿನವಲ್ಲವೆಂದು ಅವರ ವಾದ. ಆದರೆ ಆಶೀರ್ವಾದ ಕೇಳಿ ಹೊರಟವನಿಗೆ ದಾರಿಯಲ್ಲಿ ಆಶೀರ್ವಾದವೇನೂ ಸೋರಿಹೋಗುವುದಿಲ್ಲವೆಂದು ನನ್ನ ಅಭಿಪ್ರಾಯ.

ಜನವರಿಯ ಮೊದಲ ಭಾನುವಾರ ಒಡಂಬಡಿಕೆಯ ಆರಾಧನೆ. ಇದು ಮೆಥೊಡಿಸ್ಟರಿಂದ ಬಂದ ಆಸ್ತಿ. ಜಾನ್ ವೆಸ್ಲಿಯವರು 1755ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ್ದು. ಹಾಸನದಲ್ಲಿ ಬೇರೂರಿದ್ದು ವೆಸ್ಲಿಯನ್ ಮಿಷನ್. ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯ ಹೆಸರು ಊರಿನವರಿಗೆಲ್ಲ ಗೊತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನರು, ಮೆಥೊಡಿಸ್ಟರು, ಮತ್ತು ಅದಕ್ಕೆ ಮೊದಲೇ ಒಂದುಗೂಡಿದ್ದ ಪ್ರೆಸ್ಬಿಟೀರಿಯನರೂ ಕಾಂಗ್ರಿಗೇಷನಲರೂ ಸೇರಿ ದಕ್ಷಿಣ ಭಾರತ ಸಭೆಯಾದ ಮೇಲೆ ಈ ಆರಾಧನೆ ಎಲ್ಲರ ಸೊತ್ತಾಯಿತು. ದೇವರೊಡನೆ ಮಾಡಿದ ಕರಾರನ್ನು ವರ್ಷಕ್ಕೊಮ್ಮೆ ನವೀಕರಿಸುವುದು ಇದರ ತಿರುಳು. ಬೇಕಾದ ಕೆಲಸಕ್ಕೆ ಹಚ್ಚು, ಇಲ್ಲವೆ ಕೆಲಸವಿಲ್ಲದೆ ಕೂರಿಸು, ಎರಡಕ್ಕೂ ಒಪ್ಪಿದ್ದೇನೆ ಎಂಬರ್ಥದ ಮಾತನ್ನು ಸಭೆಯೆಲ್ಲ ಎದ್ದುನಿಂತು ಹೇಳಬೇಕು. ವರ್ಷವರ್ಷವೂ ಹೇಳುತ್ತ ಬಂದ ಮಾತಾದರೂ ನಿವೃತ್ತಿಯಾದವರು ಅದನ್ನು ಹೇಳುವಾಗ ಧ್ವನಿ ತುಸು ತಗ್ಗುವುದನ್ನು ಗಮನಿಸಿದ್ದೇನೆ.

ಆ ವಾರವೇ ಚೆನ್ನರಾಯಪಟ್ಟಣದ ಕಡೆಗೆ ನಮ್ಮ ಮೊದಲನೆಯ ಸಂಚಾರ. ಹಾಸನದಿಂದ ಬೆಂಗಳೂರಿಗೆ ಶ್ರವಣಬೆಳಗೊಳದ ಮೇಲೆ ಹೋಗುವ ರೈಲುದಾರಿ 2017ರಲ್ಲಿ ಪೂರ್ಣವಾಗಿ ತೆರೆದಮೇಲೆ ಈ ಪ್ರಯಾಣ ಬಹು ಸುಲಭ. ಮಗಳು ಬೆಂಗಳೂರಿನ ಕಡೆಯಿಂದ ಬಂದು ಸೇರಿದಳು. ನಾವು ಹಾಸನದ ಕಡೆಯಿಂದ ಹೋದೆವು. ಬೆಟ್ಟವನ್ನು ಬರಿಗಾಲಿನಲ್ಲಿ ಹತ್ತಿದೆವು. ಚಾವುಂಡರಾಯನು ಸುಮಾರು 981ರಲ್ಲಿ ನಿಲ್ಲಿಸಿದ ಐವತ್ತೆಂಟು ಅಡಿಯ ಆ ಮೂರ್ತಿಯ ಮುಂದೆ ನಿಂತಾಗ, ಬೇಡುವುದಕ್ಕೆ ಏನೂ ತೋಚದೆ ಕೈ ತಾನಾಗಿ ಸುಮ್ಮನಾಗುತ್ತದೆ. ಎಲ್ಲವನ್ನೂ ಗೆದ್ದು ಎಲ್ಲವನ್ನೂ ಬಿಟ್ಟವನಿಂದ ಬೇಡುವುದಾದರೂ ಏನನ್ನು? ಶ್ರಮದಿನಗಳ ಉಪವಾಸದ ವಿಷಯವಾಗಿ ನಾನು ಕೇಳಿರುವ ಎಷ್ಟೋ ಪ್ರಸಂಗಗಳಿಗಿಂತ ಆ ಕಲ್ಲು ಹೆಚ್ಚು ಹೇಳಿತೆಂದರೆ ಸಭೆಯ ಹಿರಿಯರು ಕ್ಷಮಿಸಬೇಕು.

ಇಳಿದು ಬರುವಾಗ ಮಗಳಿಗೆ ಅಬ್ಬೆ ದುಬ್ವಾ ಅವರ ಸಂಗತಿ ಹೇಳಿದೆ. ಫ್ರಾನ್ಸಿನಿಂದ 1792ರಲ್ಲಿ ಈ ದೇಶಕ್ಕೆ ಬಂದ ಆ ಪಾದ್ರಿ, ಶ್ರೀರಂಗಪಟ್ಟಣ ಬಿದ್ದ ನಂತರ ಮೈಸೂರು ಸೀಮೆಯಲ್ಲಿ ಚದರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಇತ್ತ ಬಂದರು. ನಮ್ಮವರ ಉಡುಪು ಉಟ್ಟು, ನಮ್ಮವರ ಊಟ ಉಂಡು, ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರೆನಿಸಿಕೊಂಡರು. ಹಾಸನದ ಸಮೀಪದ ಹಳ್ಳಿಯೊಂದರಲ್ಲಿ ಕ್ರೈಸ್ತ ಒಕ್ಕಲುಗಳನ್ನು ಬೇಸಾಯದಲ್ಲಿ ನೆಲೆಗೊಳಿಸಿದರು. ದೇವಿ ಹಾಕಿಸುವ ಕೆಲಸದಲ್ಲಿ ನಿಂತು 1803–04ರಲ್ಲಿ 25,432 ಜನರಿಗೆ ಹಾಕಿಸಿದರೆಂದು ಲೆಕ್ಕವಿದೆ. ನಮ್ಮ ಜನರ ಆಚಾರವ್ಯವಹಾರಗಳ ಮೇಲೆ ಅವರು ಬರೆದ ಗ್ರಂಥದಲ್ಲಿ ಜೈನರ ವಿಷಯವೂ ಉಂಟು. 1823ರಲ್ಲಿ ತಮ್ಮ ದೇಶಕ್ಕೆ ಹಿಂತಿರುಗಿದವರು ಮತ್ತೆ ಬರಲಿಲ್ಲ. “ಬೇರೆಯವರನ್ನು ಅಷ್ಟೊಂದು ಬಲ್ಲವರು ಕೊನೆಗೆ ಯಾಕಪ್ಪ ಹೋಗಿಬಿಟ್ಟರು?” ಎಂದು ಮಗಳು ಕೇಳಿದಳು. ತಾನೂ ಊರು ಬಿಟ್ಟವಳೇ ಆದ್ದರಿಂದ ಈ ಪ್ರಶ್ನೆಯಲ್ಲಿ ಅವಳ ಸ್ವಂತದ್ದೂ ಸ್ವಲ್ಪ ಸೇರಿತ್ತೆಂದು ನನ್ನ ಊಹೆ.

ಚೆನ್ನರಾಯಪಟ್ಟಣದ ತಾಲ್ಲೂಕಿನಲ್ಲಿಯೇ ಬಾಗೂರು–ನವಿಲೆಯ ಸುರಂಗವಿದೆ. ಗೊರೂರಿನ ಅಣೆಕಟ್ಟಿನಿಂದ ಹೊರಟ ಹೇಮಾವತಿಯ ನೀರು ನೆಲದೊಳಗೆ ಹಲವು ಮೈಲಿ ಹರಿದು ತುಮಕೂರಿನ ಕಡೆಗೆ ಹೋಗುವುದು ಇದರ ಮೂಲಕ. ಒಣ ಸೀಮೆಗೆ ಈ ನೀರು ಏನು ಮಾಡಿತೆಂಬುದನ್ನು ಅಲ್ಲಿಯ ರೈತನೇ ಹೇಳಬೇಕು. ಈ ನೀರಿನ ಮಾತನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣ ನಮ್ಮ ಅತ್ತೆಯವರು.

ಅತ್ತೆಯವರಿಗೆ ಈಗ ಎಂಬತ್ತು ಸಮೀಪಿಸಿದೆ. ಅವರು ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ಇಗರ್ಜಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ಮದುವೆಯಾಗಿ ಬಂದದ್ದು ಪ್ರಾಟೆಸ್ಟಂಟರ ಮನೆಗೆ. ಆ ಕಾಲದಲ್ಲಿ ಇದು ಸಾಮಾನ್ಯ ವಿಷಯವಲ್ಲ. ಎರಡು ಕಡೆಯ ಹಿರಿಯರೂ ಮುಖ ಬಿಗಿದುಕೊಂಡೇ ಊಟಕ್ಕೆ ಕುಳಿತರಂತೆ. ಅರುವತ್ತು ವರ್ಷಗಳಿಂದ ನಮ್ಮ ಸಭೆಯಲ್ಲಿ ಕೀರ್ತನೆ ಹಾಡುತ್ತ ಬಂದಿದ್ದಾರೆ. ದಿಂಬಿನಡಿಯ ಜಪಸರ ಮಾತ್ರ ದಿಂಬಿನಡಿಯಲ್ಲಿಯೇ ಇದೆ. ಸಭಾಪಾಲಕರು ಬದಲಾಗುತ್ತ ಹೋದರು; ಯಾರೂ ಅದನ್ನು ಕುರಿತು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೇಮಾವತಿಯ ಅಣೆಕಟ್ಟು 1979ರಲ್ಲಿ ಮುಗಿಯಿತು. ಮೂವತ್ತೇಳು ಸಾವಿರ ಮಿಲಿಯ ಘನ ಅಡಿ ನೀರು ನಿಲ್ಲುವ ಜಲಾಶಯವೆಂದರೆ ಅಷ್ಟು ನೆಲ ಹೋಗಲೇಬೇಕು. ಶೆಟ್ಟಿಹಳ್ಳಿಯ ಒಕ್ಕಲುಗಳು ಎದ್ದು ಬೇರೆ ಕಡೆ ಮನೆ ಕಟ್ಟಿಕೊಂಡರು, ಇಗರ್ಜಿಗೆ ಏಳಲಾಗಲಿಲ್ಲ. ಅಂದಿನಿಂದ ಮಳೆಗಾಲದಲ್ಲಿ ನೀರು ತುಂಬಿದಾಗ ಅರ್ಧ ಮುಳುಗಿ, ಬೇಸಗೆಯಲ್ಲಿ ನೀರು ಇಳಿದಾಗ ಮತ್ತೆ ನೆಲದ ಮೇಲೆ ನಿಂತು ಅದು ಕಾಲ ಕಳೆಯುತ್ತಿದೆ. ಅತ್ತೆಯವರು ಆ ಮೇಲೆ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಕರೆದರೆ “ನೀರು ಇಳಿಯಲಿ” ಎನ್ನುತ್ತಿದ್ದರು. ನೀರಿಳಿದ ಮೇಲೆ ಕರೆದರೆ “ಬಿಸಿಲು ತಗ್ಗಲಿ” ಎನ್ನುತ್ತಿದ್ದರು. ಹೀಗೆ ನಲವತ್ತು ವರ್ಷಗಳಿಗೂ ಮಿಕ್ಕಿ ಕಳೆದುವು.

ಶ್ರಮದಿನಗಳು ನಲವತ್ತು. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರು ಘಂಟೆಯವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ. ಏಳು ಪ್ರಸಂಗಗಳಲ್ಲಿ ಒಂದೆರಡು ಗಿಡ್ಡವಾಗಿದ್ದರೆ ಸಭೆಗೆ ಹಿತವೆಂಬುದನ್ನು ಇಲ್ಲಿ ಸೂಚಿಸಿ ಮುಂದೆ ಹೋಗುತ್ತೇನೆ. ಪುನರುತ್ಥಾನದ ಭಾನುವಾರ ನಸುಕಿನಲ್ಲಿಯೇ ಎದ್ದು ಸ್ಮಶಾನಕ್ಕೆ ಹೋಗಿ, ಹಿರಿಯರ ಗೋರಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಬಂದೆವು. ಅಂದು ಮನೆಗೆ ಬಂದು ಕಾಫಿ ಕುಡಿಯುವಾಗ ಅತ್ತೆಯವರು, ಯಾರೂ ಕೇಳದಿರುವಾಗ, “ಮುಂದಿನ ವಾರ ಶೆಟ್ಟಿಹಳ್ಳಿಗೆ ಹೋಗೋಣ” ಎಂದರು.

ಹೋದೆವು. ಹಾಸನದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ಬಿಸಿಲಿಗೆ ಬಿರುಕುಬಿಟ್ಟ ಜಲಾಶಯದ ಅಂಗಳದಲ್ಲಿ ಚಾವಣಿಯಿಲ್ಲದ ಆ ಗಾಥಿಕ್ ಕಮಾನುಗಳು ದೂರದಿಂದಲೇ ಕಂಡುವು. ಈಚೆಗೆ ಅದು ಪ್ರವಾಸಿಗಳ ಸ್ಥಳವಾಗಿದೆ. ಮದುವೆಗೆ ಮುಂಚೆ ಭಾವಚಿತ್ರ ತೆಗೆಸಿಕೊಳ್ಳಲು ಬರುವ ಜೋಡಿಗಳುಂಟು; ಅಂದೂ ಒಂದು ಜೋಡಿ ಬಂದಿತ್ತು. ಗೋಡೆಗಳು ಅಲ್ಲಲ್ಲಿ ಕುಸಿದಿವೆ. ಗೋಡೆಯ ಮೇಲೆ ಹೆಸರುಗಳನ್ನು ಗೀಚಿದ್ದಾರೆ. ನನಗೆ ಕೋಪ ಬಂತು. ಮಡದಿ ಕಣ್ಸನ್ನೆಯಿಂದ ಸುಮ್ಮನಿರಿಸಿದಳು.

ಅತ್ತೆಯವರು ಕೋಲೂರಿಕೊಂಡು ನಡುವಿನ ಹಾದಿಯಲ್ಲಿ ನಡೆದರು. ಬಾಗಿಲಿನಿಂದ ಹೆಜ್ಜೆ ಎಣಿಸಿ ಒಂದು ಕಡೆ ನಿಂತು, “ಹೆಂಗಸರು ಕೂರುತ್ತಿದ್ದದ್ದು ಈ ಕಡೆ. ನಮ್ಮವ್ವ ಈ ಕಂಬದ ಹತ್ತಿರ” ಎಂದರು. ಆ ಮೇಲೆ ಎಡಕ್ಕೆ ತಿರುಗಿ ಜ್ಞಾನಸ್ನಾನದ ತೊಟ್ಟಿಯಿದ್ದ ಜಾಗವನ್ನು ಹುಡುಕಿದರು. ಅಲ್ಲಿ ಒಣಗಿದ ಕೆಸರು, ಒಂದಿಷ್ಟು ಶಂಖದ ಚಿಪ್ಪು. ಅವರು ಅಳುವರೆಂದು ನಾವೆಲ್ಲ ಸಿದ್ಧರಾಗಿ ನಿಂತಿದ್ದೆವು, ಅವರು ಅಳಲಿಲ್ಲ. ಜಪಸರವನ್ನು ಸೆರಗಿನ ಗಂಟಿನಿಂದ ತೆಗೆದು, ನಮ್ಮೆಲ್ಲರ ಮುಂದೆ ಅರುವತ್ತು ವರ್ಷಗಳಲ್ಲಿ ಮೊದಲ ಸಲ, ಬಾಯಿಬಿಟ್ಟು ಜಪ ಮಾಡಿದರು. ಹುಟ್ಟಾ ಪ್ರಾಟೆಸ್ಟಂಟನಾದ ನಾನು ಏನು ಮಾಡಬೇಕೆಂದು ತಿಳಿಯದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಭಾವಚಿತ್ರ ತೆಗೆಸುತ್ತಿದ್ದ ಹುಡುಗಿ ನಗುವುದನ್ನು ಬಿಟ್ಟು ಬಂದು ಅವರ ಪಕ್ಕದಲ್ಲಿ ನಿಂತಳು. “ಅಜ್ಜಿ, ಇದು ನಿಮ್ಮ ಚರ್ಚೆ?” ಎಂದು ಕೇಳಿದಳು. “ನಮ್ಮದೇ ಮಗಾ. ನಿನ್ನದೂ ಆಗಲಿ, ಗೋಡೆಗೆ ಒರಗಬೇಡ, ಬೀಳುತ್ತೆ” ಎಂದರು ಅತ್ತೆಯವರು.

ಮಳೆಗಾಲ ಬಂತು, ಕಾಲೇಜು ತೆರೆಯಿತು. ಆ ತಿಂಗಳುಗಳ ವಿಷಯ ಹೆಚ್ಚಿಗೆ ಹೇಳುವುದಿಲ್ಲ. ಸಭೆಯಲ್ಲಿ ಇಂಗ್ಲಿಷಿನ ಆರಾಧನೆಯೊಂದನ್ನು ಆರಂಭಿಸಬೇಕೆ ಬೇಡವೆ ಎಂದು ಮೂರು ಕೂಟಗಳಲ್ಲಿ ಚರ್ಚೆಯಾಗಿ, ಚಹವನ್ನು ಯಾರು ಒದಗಿಸುವುದೆಂಬ ಪ್ರಶ್ನೆಯಲ್ಲಿ ನಿಂತುಹೋಯಿತು. ಇಂಗ್ಲಿಷ್ ಕಲಿಸಿ ಅನ್ನ ಉಣ್ಣುವ ನಾನು ಕನ್ನಡದ ಪರವಾಗಿ ಮಾತಾಡಿದ್ದು ಕೆಲವರಿಗೆ ವಿಚಿತ್ರವಾಗಿ ಕಂಡಿತು. ಕನ್ನಡದಲ್ಲಿ ಸಮಗ್ರ ಬೈಬಲು 1831ರಲ್ಲಿಯೇ ಜಾನ್ ಹ್ಯಾಂಡ್ಸ್ ಅವರ ಪರಿಶ್ರಮದಿಂದ ಅಚ್ಚಾದದ್ದು. ಸುಮಾರು ಎರಡು ಶತಮಾನ ಪ್ರಾರ್ಥಿಸಿ ಪಳಗಿದ ಭಾಷೆಯನ್ನು, ರಜಕ್ಕೆ ಬರುವ ಮಕ್ಕಳ ಅನುಕೂಲಕ್ಕಾಗಿ ಹಿಂದಿನ ಬೆಂಚಿಗೆ ತಳ್ಳಬಾರದು.

ಆಗಸ್ಟಿನಲ್ಲಿ ಹೊಳೆನರಸೀಪುರಕ್ಕೆ ಹೋದೆವು, ಮೈಸೂರಿನ ರೈಲಿನಲ್ಲಿ. ಬಂಧುಗಳ ಮನೆಯಲ್ಲಿ ಪ್ರಾರ್ಥನಾಕೂಟ; ಅನಂತರ ಎಲ್ಲರೂ ಹೊಳೆಯ ದಡಕ್ಕೆ. ಹೆಸರೇ ಹೇಳುವಂತೆ ಅದು ಹೊಳೆಯ ಊರು, ಲಕ್ಷ್ಮೀನರಸಿಂಹನ ಊರು. ಗೊರೂರಿನಲ್ಲಿ ಕಟ್ಟೆಯ ಬಾಗಿಲು ತೆರೆದಿದ್ದರಿಂದ ಹೇಮಾವತಿ ಕೆಂಪಾಗಿ ಉಕ್ಕಿ ಹರಿಯುತ್ತಿದ್ದಳು. ಮೊಮ್ಮಕ್ಕಳು ನೀರಿಗೆ ಕಲ್ಲೆಸೆಯುತ್ತಿದ್ದರು. ಅತ್ತೆಯವರು ಬಹಳ ಹೊತ್ತು ನೋಡಿ, “ಇದು ನಮ್ಮ ಇಗರ್ಜಿಯ ಒಳಗೆ ಹಾದು ಬಂದ ನೀರು” ಎಂದರು. ಭೂಗೋಳದ ದೃಷ್ಟಿಯಿಂದ ಈ ಮಾತಿನಲ್ಲಿ ತಪ್ಪು ಹುಡುಕಲಾಗದು.

ನವೆಂಬರಿನ ಕಡೆಯ ಭಾಗದಲ್ಲಿ, ಸಭೆಯ ವರ್ಷ ಮುಗಿಯುವ ಮುನ್ನ, ಬೆಳೆ ಹಬ್ಬ. ಅದಕ್ಕೆ ಹಿಂದಿನ ದಿನ ಅರಕಲಗೂಡಿನ ಕಡೆ ಹೋಗಿ ರಾಮನಾಥಪುರದಲ್ಲಿ ಕಾವೇರಿಯ ದೊಡ್ಡ ಮೀನುಗಳಿಗೆ ಪುರಿ ಹಾಕಿಬಂದೆವು. ಹಿಡಿಯುವವರಿಲ್ಲದೆ ಕೊಬ್ಬಿದ ಆ ಮೀನುಗಳು ಮಕ್ಕಳ ಕೈಯಷ್ಟು ಸಮೀಪಕ್ಕೆ ಬರುತ್ತವೆ. ಹಿಂತಿರುಗುವಾಗ ಅರಕಲಗೂಡಿನ ಹತ್ತಿರ ಬೇಸಾಯದಲ್ಲಿರುವ ಬಂಧುಗಳೊಬ್ಬರು ಹೊಸ ಭತ್ತದ ಒಂದು ಕಟ್ಟನ್ನೂ ಶುಂಠಿಯನ್ನೂ ಒಂದು ಮೂಟೆ ಆಲೂಗಡ್ಡೆಯನ್ನೂ ಗಾಡಿಯಲ್ಲಿಟ್ಟರು. ಹೇಮಾವತಿಯ ಬಲದಂಡೆಯ ಕಾಲುವೆಯಿಂದ ನೆನೆದ ಗದ್ದೆ ಅವರದು.

ಮಾರನೆಯ ದಿನ ಅವನ್ನೆಲ್ಲ ಪೀಠದ ಮುಂದೆ ಇಟ್ಟೆವು. ಆರಾಧನೆಯಾದ ಮೇಲೆ ಅಂಗಳದಲ್ಲಿ ಹರಾಜು. ಈ ಹರಾಜಿನ ನಿಯಮ ಅರ್ಥಶಾಸ್ತ್ರದ ಯಾವ ಗ್ರಂಥದಲ್ಲಿಯೂ ಸಿಕ್ಕದು: ಒಂದು ಕುಂಬಳಕಾಯಿಯನ್ನು ಮಾರುಕಟ್ಟೆಯ ಬೆಲೆಗಿಂತ ಹತ್ತು ಪಾಲು ಕೊಟ್ಟು ಕೊಂಡವನು ಅದನ್ನು ಮತ್ತೆ ಹರಾಜಿಗೇ ಕೊಟ್ಟುಬಿಡುತ್ತಾನೆ, ಮತ್ತೊಬ್ಬನು ಅದಕ್ಕಿಂತ ಹೆಚ್ಚಿಗೆ ಕೂಗುತ್ತಾನೆ. ಭತ್ತದ ಕಟ್ಟಿನ ಸರದಿ ಬಂದಾಗ ಅತ್ತೆಯವರು ಕೈಯೆತ್ತಿದರು. ಅವರ ನಿವೃತ್ತಿ ವೇತನದ ಅಳತೆ ನನಗೆ ಗೊತ್ತಿದ್ದುದರಿಂದ ತಡೆಯಲು ನೋಡಿದೆ. “ಸುಮ್ಮನಿರಿ. ಆ ನೀರು ನಮ್ಮಿಂದ ತೆಗೆದುಕೊಂಡದ್ದು ಎಷ್ಟೋ ಆಯಿತು. ಏನು ಕೊಟ್ಟಿತು ಅಂತ ಒಂದು ಸಲ ಮನೆಗೆ ತಂದು ನೋಡ್ತೀನಿ” ಎಂದರು. ಅವರ ಎದುರು ಕೂಗಲು ಯಾರಿಗೂ ಮನಸ್ಸು ಬರಲಿಲ್ಲ. ಆ ಭತ್ತ ಈಗ ನಮ್ಮ ಪಡಸಾಲೆಯ ಬಾಗಿಲ ಮೇಲೆ ತೂಗುತ್ತಿದೆ. ಗುಬ್ಬಿಗಳು ಆಗಲೇ ಪಾಲಿಗೆ ಬಂದಿವೆ.

ದಿನಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ಮಟ್ಟವನ್ನು ಸಣ್ಣ ಅಕ್ಷರದಲ್ಲಿ ಅಚ್ಚುಹಾಕುವುದನ್ನು ನೀವು ನೋಡಿರಬಹುದು. ಅತ್ತೆಯವರು ಬೆಳಿಗ್ಗೆ ಪತ್ರಿಕೆ ಬಂದೊಡನೆ ಕನ್ನಡಕ ಹಾಕಿಕೊಂಡು ಮೊದಲು ಓದುವುದು ಅದನ್ನೇ. ಹೇಮಾವತಿಯ ಪೂರ್ಣ ಮಟ್ಟ 2,922 ಅಡಿ. ಅದಕ್ಕಿಂತ ಎಷ್ಟು ಅಡಿ ಇಳಿದರೆ ಇಗರ್ಜಿಯ ಬಾಗಿಲಿನವರೆಗೆ ನಡೆದು ಹೋಗಬಹುದೆಂಬುದನ್ನು ಮಗಳಿಂದ ವಿಚಾರಿಸಿ ಕ್ಯಾಲೆಂಡರಿನ ಹಿಂದೆ ಬರೆಸಿ ಇಟ್ಟುಕೊಂಡಿದ್ದಾರೆ. ನೀರು ಈ ಸಾರಿ ಮಾರ್ಚಿಗೇ ಇಳಿಯಬಹುದೆಂದು ಅವರ ಅಂದಾಜು.