ಮಣಿಕಟ್ಟಿನ ಮಡು

ಪಂಡಿತರು ನಾಡಿ ಹಿಡಿಯುತ್ತಾರಲ್ಲ, ಹೆಬ್ಬೆರಳ ಬುಡದ ಮಣಿಕಟ್ಟು, ಅಲ್ಲೊಮ್ಮೆ ಬೆರಳಿಟ್ಟುಕೊಳ್ಳಿ. ಚೀನೀ ವೈದ್ಯರು ಆ ಬಿಂದುವನ್ನು ತೈಯುವಾನ್ ಎನ್ನುತ್ತಾರೆ, ಅಂದರೆ ಮಹಾಮಡು. ಎದೆಯಿಂದ ಹೊರಟು ಹೆಬ್ಬೆರಳ ಉಗುರಿನ ಅಂಚಿನಲ್ಲಿ ಮುಗಿಯುತ್ತದೆಂದು ಅವರು ಹೇಳುವ ಶ್ವಾಸಕೋಶದ ನಾಳದಲ್ಲಿ ಗುರುತಿಸಿದ 11 ಬಿಂದುಗಳಲ್ಲಿ ಇದೂ ಒಂದು. ಕೆಮ್ಮಿಗೆ ಇದನ್ನು ಒತ್ತುವುದು ಹಳೆಯ ರೂಢಿ.

ಎಷ್ಟು ಹಳೆಯದು? 1973ರಲ್ಲಿ ಚೀನಾದ ಮವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಗೋರಿಯೊಂದರಿಂದ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ 11 ನಾಳಗಳ ವರ್ಣನೆಯಿದೆ, ಒತ್ತುವ ಬಿಂದುಗಳ ಹೆಸರೇ ಇಲ್ಲ! ದಾರಿ ಮೊದಲು ಬಂತು, ಊರುಗಳು ಆಮೇಲೆ. ಮೂರನೆಯ ಶತಮಾನದಲ್ಲಿ ಚೀನೀ ವಿದ್ವಾಂಸ ಹುವಾಂಗ್‌ಫು ಮಿ 349 ಬಿಂದುಗಳನ್ನು ಒಂದೇ ಗ್ರಂಥದಲ್ಲಿ ಜೋಡಿಸಿಟ್ಟ. ಐದು ಸಾವಿರ ವರ್ಷದ ವಿದ್ಯೆ ಎಂದು ಒತ್ತುಬಿಂದುಗಳ ಚಾರ್ಟು ಮಾರುವವರು ಈ ಸಂಗತಿ ಎತ್ತುವುದಿಲ್ಲ.

ಬಿಂದು ಒತ್ತುವ ಈ ವಿದ್ಯೆಯನ್ನು, ಅಂದರೆ ಆಕ್ಯುಪ್ರೆಷರನ್ನು, ನಮ್ಮ ಕಾಲದ ಕ್ಯಾನ್ಸರ್ ರೋಗಿಗಳ ಬಳಿಗೆ ಕರೆತಂದದ್ದು ವಾಂತಿ. 1980ರ ದಶಕದಲ್ಲಿ ಬೆಲ್‌ಫಾಸ್ಟಿನ ಅರಿವಳಿಕೆ ತಜ್ಞ ಜಾನ್ ಡಂಡೀ ಮಣಿಕಟ್ಟಿನ ಒಳಬದಿಯ ನೇಯ್‌ಗುವಾನ್ ಬಿಂದುವನ್ನು ಮೊದಲು ಶಸ್ತ್ರಕ್ರಿಯೆಯ ನಂತರದ ವಾಕರಿಕೆಗೆ, ಆಮೇಲೆ ಕೀಮೋಥೆರಪಿಯ ವಾಕರಿಕೆಗೆ ಪರೀಕ್ಷಿಸಿ ನೋಡಿದರು.

ಶ್ವಾಸಕೋಶದ ಕ್ಯಾನ್ಸರಿನ ಕೆಮ್ಮು ವಾಕರಿಕೆಗಿಂತ ಹಟಮಾರಿ. ಗಡ್ಡೆ ಶ್ವಾಸನಾಳವನ್ನು ಕೆರಳಿಸುತ್ತದೆ, ಎದೆಗೂಡಿನಲ್ಲಿ ನೀರು ತುಂಬುತ್ತದೆ, ಕೆಲವೊಮ್ಮೆ ವಿಕಿರಣ ಚಿಕಿತ್ಸೆಯೇ ಕೆಮ್ಮು ತರುತ್ತದೆ. ಕೊಡೀನ್, ಮಾರ್ಫಿನ್ ಕೆಮ್ಮನ್ನು ತಗ್ಗಿಸಬಹುದು, ಮಂಪರು ಮಲಬದ್ಧತೆಗಳನ್ನೂ ತರುತ್ತವೆ. ಪಕ್ಕೆ ನೋಯುವಷ್ಟು ಕೆಮ್ಮಿ, ಏದುಸಿರು ಬಿಟ್ಟು, ನಿದ್ದೆಗೆಟ್ಟು ಸೋತವರಿಗೆ ಈ ಔಷಧಿಗಳೇ ಬೇಡ ಅನ್ನಿಸಿಬಿಡುತ್ತದೆ. ಆ ಕೆಮ್ಮನ್ನು ರೋಗಿಯ ಬಾಯಿಂದಲೇ ಕೇಳಿ ಅಳೆಯುವ ಹತ್ತು ಪ್ರಶ್ನೆಗಳ ಪಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಿದ್ಧವಾದದ್ದು 2013ರ ಸುಮಾರಿಗೆ. ಬಿಂದುಗಳನ್ನು ಎಣಿಸಿ ಎಷ್ಟೋ ಶತಮಾನಗಳಾದ ಮೇಲೆ ಈ ಕೆಮ್ಮನ್ನು ಅಳೆದರು ನೋಡಿ.

2015ರಲ್ಲಿ ಮ್ಯಾಂಚೆಸ್ಟರಿನ ನರ್ಸಿಂಗ್ ಸಂಶೋಧಕಿ ಜೆನೆಲ್ ಯಾರ್ಕ್ ಮತ್ತು ಸಂಗಡಿಗರು 107 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅರ್ಧದಷ್ಟು ಜನಕ್ಕೆ ಉಸಿರಿನ ಹಿಡಿತ, ಕೆಮ್ಮು ತಡೆಯುವ ಉಪಾಯ, ಆಕ್ಯುಪ್ರೆಷರ್ ಮೂರನ್ನೂ ಕಲಿಸಿದ್ದರು. ಇಂಥ ಪ್ರಯೋಗ ನಡೆಸಲು ಸಾಧ್ಯವೇ ಎಂದು ನೋಡುವುದೇ ಮುಖ್ಯ ಉದ್ದೇಶ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಟ್ಟದ್ದರಿಂದ ಬೆರಳಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಗಡ್ಡೆ ಕರಗುತ್ತದೆಂದು ಅವರು ಹೇಳಿಲ್ಲ, ನೀವೂ ನಂಬಬೇಡಿ.

ಒತ್ತುವುದಾದರೆ ನೋಯದಷ್ಟು, ಒಂದೆರಡು ನಿಮಿಷ. ಕೀಮೋದಿಂದ ಪ್ಲೇಟ್‌ಲೆಟ್ ಇಳಿದವರಿಗೆ ಒತ್ತಿದ ಕಡೆ ಚರ್ಮದಡಿ ರಕ್ತ ಸೋರಿ ಕಂದಬಹುದು, ವೈದ್ಯರನ್ನು ಕೇಳಿಯೇ ಬೆರಳಿಡಿ. ಕಫದಲ್ಲಿ ರಕ್ತ ಕಂಡರೆ ಮಡು ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ.