ಮನೆಗೆ ಕದದ ಕಿಟಕಿ



ಮನೆಯನ್ನು ಕಟ್ಟಿಸುವವರು ತಲೆಬಾಗಿಲಿಗೆ ಕೊಡುವಷ್ಟು ಗಮನವನ್ನು ಕಿಟಕಿಗೆ ಕೊಡುವುದು ಅಪರೂಪ. ಬಾಗಿಲಿಗೆ ಮುಹೂರ್ತವುಂಟು, ಪೂಜೆಯುಂಟು, ಮಾವಿನ ತೋರಣವುಂಟು. ಕಿಟಕಿಗೆ ಇವಾವುವೂ ಇಲ್ಲ. ಗೋಡೆ ಸೊಂಟದೆತ್ತರಕ್ಕೆ ಏರಿದ ಮೇಲೆ ಮೇಸ್ತ್ರಿಯು "ಇಲ್ಲಿ ಎಷ್ಟು ಅಗಲ ಬಿಡಲಿ, ಸ್ವಾಮಿ?" ಎಂದು ಕೇಳಿದಾಗಲೇ ನಾವು ಅದನ್ನು ನೆನೆಯುವುದು. ಆದರೆ ವಿಚಾರಮಾಡಿ ನೋಡಿದರೆ, ಬಾಗಿಲು ಮನುಷ್ಯರ ದಾರಿ, ಕಿಟಕಿಯು ಗಾಳಿ ಬೆಳಕುಗಳ ದಾರಿ. ಮನುಷ್ಯರು ದಿನಕ್ಕೆ ಹತ್ತಾರು ಸಲ ಬಂದುಹೋಗುತ್ತಾರೆ. ಗಾಳಿಯಾದರೋ ಕ್ಷಣಕ್ಷಣವೂ ಬಂದುಹೋಗಬೇಕು. ಈ ಎರಡನೆಯ ದಾರಿಯನ್ನು ಹೇಗೆ ಆರಿಸಿಕೊಳ್ಳಬೇಕೆಂಬುದೇ ಈ ಹೊತ್ತಿನ ನಮ್ಮ ವಿಷಯ.

ಕಿಟಕಿಗೆ ಸಂಸ್ಕೃತದಲ್ಲಿ ವಾತಾಯನವೆಂಬ ಹೆಸರಿದೆ. ಗಾಳಿಯ ಮಾರ್ಗವೆಂದು ಅದರ ಅರ್ಥ. ಇಂಗ್ಲಿಷಿನ ವಿಂಡೋ ಎಂಬ ಶಬ್ದವೂ ಹಳೆಯ ಉತ್ತರ ಯೂರೋಪಿನ ಭಾಷೆಯೊಂದರಲ್ಲಿ 'ಗಾಳಿಯ ಕಣ್ಣು' ಎಂಬರ್ಥದ ಮಾತಿನಿಂದ ಹುಟ್ಟಿದ್ದು. ದೂರದೂರದ ಎರಡು ಜನಾಂಗಗಳು ಈ ವಸ್ತುವಿಗೆ ಹೆಸರಿಡುವಾಗ ಬೆಳಕಿಗಿಂತ ಮೊದಲು ಗಾಳಿಯನ್ನೇ ನೆನೆದುವೆಂಬುದು ಗಮನಿಸತಕ್ಕ ಸಂಗತಿ. ಗಾಜು ಅಗ್ಗವಾದ ಮೇಲೆ ನಾವು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಈಗ ಅನೇಕ ಮನೆಗಳ ಕಿಟಕಿ ನೋಡುವುದಕ್ಕೆ ವಿಶಾಲ, ತೆರೆಯುವುದಕ್ಕೆ ಸಂಕುಚಿತ.

ಬದಿಯ ಚೌಕಟ್ಟಿಗೆ ಕೀಲುಗಳಿಂದ ಕೂಡಿಸಿದ, ಬಾಗಿಲಿನಂತೆ ತಿರುಗಿ ತೆರೆಯುವ ಕದಗಳುಳ್ಳ ಕಿಟಕಿಯನ್ನು ಇಂಗ್ಲಿಷಿನಲ್ಲಿ ಕೇಸ್‌ಮೆಂಟ್ ಎನ್ನುತ್ತಾರೆ. ನಾವು ಅದನ್ನು ಕದದ ಕಿಟಕಿಯೆಂದು ಕರೆಯೋಣ. ಇದು ನಮಗೆ ಹೊಸತಲ್ಲ. ನಮ್ಮ ಹಳೆಯ ಮನೆಗಳಲ್ಲಿ ನೆಟ್ಟನೆಯ ಸರಳುಗಳ ಹಿಂದೆ ಮೇಲೆರಡು, ಕೆಳಗೆರಡು, ಹೀಗೆ ನಾಲ್ಕು ಕದಗಳುಳ್ಳ ಕಿಟಕಿಗಳನ್ನು ಇಂದಿಗೂ ಕಾಣಬಹುದು. ಅದರ ಹಿಂದಿನ ಬುದ್ಧಿ ಸರಳವಾದುದು. ಕೆಳಗಿನ ಜೋಡಿಯನ್ನು ಮುಚ್ಚಿದರೆ ಬೀದಿಯಲ್ಲಿ ಹೋಗುವವರ ಕಣ್ಣು ಒಳಗೆ ಬೀಳದು. ಮೇಲಿನ ಜೋಡಿಯನ್ನು ತೆರೆದರೆ ಬೆಳಕು ಬರುವುದು, ಬಿಸಿಗಾಳಿ ಹೊರಗೆ ಹೋಗುವುದು. ಕೆಲವು ಮನೆಗಳಲ್ಲಿ ಈ ಕಿಟಕಿಗಳು ನೆಲಕ್ಕೆ ಬಹಳ ಹತ್ತಿರವಾಗಿರುತ್ತವೆ. ಚಾಪೆಯ ಮೇಲೆ ಕುಳಿತು ಚಾಪೆಯ ಮೇಲೆ ಮಲಗುತ್ತಿದ್ದ ಜನಕ್ಕೆ ಗಾಳಿಯು ಆ ಮಟ್ಟದಲ್ಲಿಯೇ ಬೇಕಾಗಿತ್ತು. ಕುರ್ಚಿ ಮಂಚಗಳನ್ನು ಬಳಸುವ ನಮಗೆ ಕಿಟಕಿಯ ಕೆಳಅಂಚು ನೆಲದಿಂದ ಎರಡೂವರೆ ಮೂರು ಅಡಿ ಮೇಲಿದ್ದರೆ ಸಾಕು. ಆದರೆ ಕುಳಿತ ಅಥವಾ ಮಲಗಿದ ಮೈಗೆ ಗಾಳಿ ತಾಗಬೇಕೆಂಬ ಸೂತ್ರ ಮಾತ್ರ ಬದಲಾಗಿಲ್ಲ.

ಗಾಳಿಗೆ ಇಷ್ಟೊಂದು ಪ್ರಾಧಾನ್ಯವೇಕೆ ಎಂದು ಕೇಳಬಹುದು. ನಮ್ಮ ಸಂಸ್ಥಾನದ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಾದ ಮನೆಗಳು ಪಟ್ಟ ಪಾಡನ್ನು ಕಂಡ ಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ತ್ವರಿತವಾಗಿ ಬೆಳೆದುವು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಗೋಡೆಗೆ ಕಿಟಕಿ, ಇವು ಅಂದಿನವರಿಗೆ ಅಲಂಕಾರವಾಗಿರಲಿಲ್ಲ, ಆತ್ಮರಕ್ಷಣೆಯಾಗಿದ್ದುವು. 2020ರಲ್ಲಿ ಕೊರೋನಾ ವ್ಯಾಧಿಯು ಜಗತ್ತನ್ನು ವ್ಯಾಪಿಸಿದಾಗ ಈ ಪಾಠವನ್ನು ನಾವು ಮತ್ತೊಮ್ಮೆ ಕಲಿಯಬೇಕಾಯಿತು. ಮುಚ್ಚಿದ ಕೋಣೆಯಲ್ಲಿ ರೋಗಿಯ ಉಸಿರು ನಿಂತಲ್ಲೇ ನಿಲ್ಲುವುದೆಂದೂ, ಹೊರಗಾಳಿಯನ್ನು ಒಳಗೆ ಬಿಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ದೇಶಗಳಿಗೂ ತಿಳಿಸಿತು. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದ ದಿನ ಕಿಟಕಿಯ ನಿಜವಾದ ಬೆಲೆ ತಿಳಿಯುತ್ತದೆ. ಆ ದಿನ ಅದು ಪೂರ್ತಿ ತೆರೆಯುವಂತಿರಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯೊಂದಿದೆಯೆನ್ನಿ. ಅದರ ನೆಲ 120 ಚದರಡಿ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಣಸೆಕೆಯ ಸೀಮೆಗೆ ನೆಲದ ಹತ್ತನೆಯ ಒಂದು ಭಾಗವನ್ನೂ, ತೇವದ ಸೆಕೆಯ ಸೀಮೆಗೆ ಆರನೆಯ ಒಂದು ಭಾಗವನ್ನೂ, ಇವೆರಡರ ನಡುವಣ ಹವೆಗೆ ಎಂಟನೆಯ ಒಂದು ಭಾಗವನ್ನೂ ಕಿಟಕಿಗಾಗಿ ಬಿಡಬೇಕೆನ್ನುತ್ತದೆ. ನಡುವಣ ಅಳತೆಯನ್ನೇ ಹಿಡಿದರೆ ನಮಗೆ ಬೇಕಾದುದು 15 ಚದರಡಿ. 4 ಅಡಿ ಎತ್ತರ, 4 ಅಡಿ ಅಗಲದ ಕಿಟಕಿಯಿಟ್ಟರೆ 16 ಚದರಡಿಯಾಯಿತು. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ಅದಕ್ಕೆ ಈಗ ಬಳಕೆಯಲ್ಲಿರುವ ಎರಡು ಗಾಜಿನ ಜಾರು ಕಿಟಕಿಯನ್ನು ಹಾಕಿಸಿದಿರೋ, ಒಂದು ಗಾಜು ಇನ್ನೊಂದರ ಹಿಂದೆ ಹೋಗಿ ನಿಲ್ಲುವುದೇ ಹೊರತು ಮಾಯವಾಗುವುದಿಲ್ಲ. ತೆರೆಯುವುದು ಅರ್ಧ ಮಾತ್ರ, ಅಂದರೆ ಹೆಚ್ಚೆಂದರೆ 8 ಚದರಡಿ. ಅದೇ ಜಾಗದಲ್ಲಿ ಎರಡು ಕದಗಳ ಕಿಟಕಿಯಾದರೆ ಚೌಕಟ್ಟಿನ ದಪ್ಪವೊಂದನ್ನು ಕಳೆದು ಉಳಿದುದೆಲ್ಲವೂ ತೆರೆಯುತ್ತದೆ. ಗೋಡೆ ಒಂದೇ, ಕಿಟಕಿಗೆಂದು ಬಿಟ್ಟ ಜಾಗವೂ ಒಂದೇ. ಒಳಗೆ ಬರುವ ಗಾಳಿ ಮಾತ್ರ ಎರಡರಷ್ಟು.

ಜಾರು ಕಿಟಕಿಗೆ ಗುಣವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕದ ತಿರುಗುವುದಕ್ಕೆ ಸ್ಥಳವಿಲ್ಲದ ಕಿರಿದಾದ ಓಣಿಯಲ್ಲಿ, ಓಡಾಡುವವರ ತಲೆಗೆ ಕದ ತಗಲುವ ಜಗುಲಿಯಲ್ಲಿ, ಬಿರುಗಾಳಿಗೆ ಕದಗಳು ಬಡಿದುಕೊಳ್ಳುವ ಎತ್ತರದ ಮಹಡಿಗಳಲ್ಲಿ ಅದೇ ಯೋಗ್ಯ. ಆದರೆ ಮಲಗುವ ಕೋಣೆಗೂ ಅಡುಗೆಮನೆಗೂ ಕದದ ಕಿಟಕಿಯೇ ಮೇಲು. ಮುಚ್ಚುವ ವಿಷಯದಲ್ಲಿಯೂ ಹಾಗೆಯೇ. ಜಾರು ಕಿಟಕಿ ಸರಿಯಬೇಕಾದರೆ ಸಂದು ಇರಲೇಬೇಕು. ಕದವಾದರೋ ಚಿಲಕ ಹಾಕಿದೊಡನೆ ಚೌಕಟ್ಟಿಗೆ ಒತ್ತಿಕೊಂಡು ನಿಲ್ಲುತ್ತದೆ. ಆದುದರಿಂದ ಮಳೆಯ ಎರಚಲೂ ರಸ್ತೆಯ ಧೂಳೂ ಗಾಡಿಗಳ ಗದ್ದಲವೂ ಅದರಲ್ಲಿ ಕಡಿಮೆ.

ಇನ್ನು ದಿಕ್ಕಿನ ವಿಚಾರ. ಒಂದು ಕೋಣೆಗೆ ಒಂದೇ ಕಿಟಕಿಯಿದ್ದು ಬಾಗಿಲೂ ಮುಚ್ಚಿದ್ದರೆ ಗಾಳಿ ಹೊಸ್ತಿಲಲ್ಲಿ ನಿಂತ ಅತಿಥಿಯಂತೆ ಅಲ್ಲಿಯೇ ನಿಲ್ಲುತ್ತದೆ. ಒಳಗೆ ಬಂದುದಕ್ಕೆ ಹೊರಗೆ ಹೋಗಲು ಎದುರು ಗೋಡೆಯಲ್ಲಾಗಲಿ ಪಕ್ಕದ ಗೋಡೆಯಲ್ಲಾಗಲಿ ಇನ್ನೊಂದು ದಾರಿ ಬೇಕು. ನಮ್ಮ ಮೈಸೂರು ಬೆಂಗಳೂರುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮ ನೈಋತ್ಯಗಳಿಂದಲೂ, ಚಳಿಗಾಲದಲ್ಲಿ ಪೂರ್ವ ಈಶಾನ್ಯಗಳಿಂದಲೂ ಬೀಸುತ್ತದೆ. ಕದವು ಈ ಗಾಳಿಯನ್ನು ಹಡಗಿನ ಹಾಯಿಯಂತೆ ಹಿಡಿಯಬಲ್ಲುದು. ದಕ್ಷಿಣದ ಗೋಡೆಯ ಉದ್ದಕ್ಕೆ ಪಶ್ಚಿಮದಿಂದ ಗಾಳಿ ಹಾಯ್ದುಹೋಗುತ್ತಿದೆಯೆನ್ನಿ. ಪಶ್ಚಿಮದ ಕಡೆಯ ಕದವನ್ನು ಪೂರ್ತಿ ಹಿಂದಕ್ಕೆ ಗೋಡೆಗೆ ಆನಿಸಿ, ಪೂರ್ವದ ಕಡೆಯ ಕದವನ್ನು ಗೋಡೆಗೆ ನೇರವಾಗಿ ನಿಲ್ಲಿಸಿದರೆ, ದಾಟಿಹೋಗುತ್ತಿದ್ದ ಗಾಳಿ ಆ ಕದಕ್ಕೆ ತಗಲಿ ಒಳಕ್ಕೆ ತಿರುಗುತ್ತದೆ. ಇದಕ್ಕೆ ಖರ್ಚಿಲ್ಲ, ಕದವನ್ನು ಬೇಕಾದ ಕೋನದಲ್ಲಿ ಹಿಡಿದು ನಿಲ್ಲಿಸುವ ಗಟ್ಟಿಯಾದ ಕೊಕ್ಕೆಯೊಂದಿದ್ದರೆ ಸಾಕು.

ಬಿಸಿಲಿನ ಲೆಕ್ಕವೂ ದಿಕ್ಕಿಗೆ ಸೇರಿದುದೇ. ಮೈಸೂರಿನಲ್ಲಿ ಡಿಸೆಂಬರಿನ ನಡುಹಗಲಿನಲ್ಲಿಯೂ ಸೂರ್ಯನು ದಕ್ಷಿಣದಲ್ಲಿ ಸುಮಾರು 54 ಅಂಶ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಯ ಮೇಲೆ 2 ಅಡಿಯ ಸಜ್ಜ ಮುಂಚಾಚಿದ್ದರೆ ಆ ಹೊತ್ತಿನಲ್ಲಿ ಸಜ್ಜದಿಂದ ಕೆಳಕ್ಕೆ ಸುಮಾರು ಎರಡೂಮುಕ್ಕಾಲು ಅಡಿ ನೆರಳು ಬೀಳುತ್ತದೆ. ಏಪ್ರಿಲಿನ ಕೊನೆಯ ವಾರದಿಂದ ಆಗಸ್ಟಿನ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಆದುದರಿಂದ ಉತ್ತರದ ಕಿಟಕಿಗೂ ಚಿಕ್ಕದೊಂದು ಸಜ್ಜ ಬೇಕು. ಪಶ್ಚಿಮದ ಸಂಜೆಬಿಸಿಲು ಇಳಿಜಾರಾಗಿ ಬರುವುದರಿಂದ ಅದನ್ನು ಯಾವ ಸಜ್ಜವೂ ತಡೆಯಲಾರದು. ಅಲ್ಲಿ ಗಾಜನ್ನು ಬಿಟ್ಟು, ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳ ಕದವನ್ನಿಡುವುದೇ ವಿವೇಕ. ಬಿಸಿಲು ಹೊರಗೆ ನಿಲ್ಲುತ್ತದೆ, ಗಾಳಿ ಸಂದುಗಳಿಂದ ಒಳಗೆ ಬರುತ್ತದೆ.

ಕದವು ಒಳಕ್ಕೆ ತೆರೆಯಬೇಕೋ ಹೊರಕ್ಕೆ ತೆರೆಯಬೇಕೋ? ಹೊರಕ್ಕೆ ತೆರೆದರೆ ಕೋಣೆಯ ಸ್ಥಳ ಉಳಿಯುತ್ತದೆ, ಮಳೆನೀರು ಹೊರಗೇ ಜಾರುತ್ತದೆ. ಒಳಕ್ಕೆ ತೆರೆದರೆ ಒರಸುವುದು ಸುಲಭ. ಆದರೆ ಮೇಜು ಪರದೆಗಳಿಗೆ ಅಡ್ಡಿ. ಹೊರಗಡೆ ಕದ, ನಡುವೆ ಸರಳು, ಒಳಗಡೆ ಸೊಳ್ಳೆಯ ಜಾಲರಿಯ ಇನ್ನೊಂದು ಹಗುರವಾದ ಕದ, ಹೀಗೆ ಮಾಡಿಸಿಕೊಳ್ಳುವುದು ಈಗಿನ ಕಾಲಕ್ಕೆ ಒಪ್ಪುವ ಕ್ರಮ. ಜಾಲರಿಯು ಗಾಳಿಯ ವೇಗವನ್ನು ತಗ್ಗಿಸುತ್ತದೆ. ಅದು ಪ್ರತ್ಯೇಕ ಕದವಾಗಿದ್ದರೆ ಸೊಳ್ಳೆಯಿಲ್ಲದ ಹೊತ್ತಿನಲ್ಲಿ ತೆರೆದಿಡಬಹುದು. ಸರಳುಗಳ ನಡುವೆ 4 ಅಂಗುಲಕ್ಕಿಂತ ಕಡಿಮೆ ಅಂತರವಿರಲಿ. ಮಗುವಿನ ತಲೆ ನುಸುಳದಂತಿರಬೇಕು. ಇನ್ನೊಂದು ಮಾತನ್ನು ನಾವು ಒತ್ತಿ ಹೇಳುತ್ತೇವೆ: ಮಲಗುವ ಕೋಣೆಗಳಲ್ಲಿ ಒಂದು ಕಿಟಕಿಯ ಸರಳುಗಳಾದರೂ ಒಳಗಿನಿಂದ ಬಿಚ್ಚಿ ತೆರೆಯುವಂತಿರಲಿ, ಅದರ ಬೀಗದಕೈ ಎಲ್ಲರಿಗೂ ತಿಳಿದ ಮೊಳೆಯಲ್ಲಿ ತೂಗುತ್ತಿರಲಿ. ಬೆಂಕಿ ಬಿದ್ದ ರಾತ್ರಿ ಕಳ್ಳನನ್ನು ತಡೆಯುವ ಸರಳೇ ಮನೆಯವರನ್ನೂ ತಡೆಯಬಾರದು.

ಮರದ ಆಯ್ಕೆಯಲ್ಲಿ ತೇಗಕ್ಕೆ ಅಗ್ರಸ್ಥಾನ. ಅದು ಗೆದ್ದಲನ್ನು ತಡೆಯುತ್ತದೆ, ಋತುವಿನಿಂದ ಋತುವಿಗೆ ಹೆಚ್ಚು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ತೇಗಕ್ಕೆ ಹಣ ಸಾಲದಿದ್ದರೆ ಹೊನ್ನೆಯೂ ಹಲಸೂ ಒಳ್ಳೆಯವೇ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಹಸಿಮರದ ಕದ ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ, ಮಳೆಗಾಲದಲ್ಲಿ ಹಿಗ್ಗಿ ಬಿಗಿಯುತ್ತದೆ. ಬಿಗಿದ ಕದವನ್ನು ಮನೆಯವರು ಒಂದೆರಡು ಸಲ ಗುದ್ದಿ, ಆಮೇಲೆ ತೆರೆಯುವುದನ್ನೇ ಬಿಟ್ಟುಬಿಡುತ್ತಾರೆ. ಕದದ ಅಗಲ 2 ಅಡಿ ಮೀರದಿರಲಿ. ಮೀರಿದರೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಎತ್ತರ 4 ಅಡಿಯಾದಲ್ಲಿ ಮೂರು ಕೀಲು ಹಾಕಿಸಿ, ಅವು ಹಿತ್ತಾಳೆಯವಾಗಲಿ ತುಕ್ಕು ಹಿಡಿಯದ ಉಕ್ಕಿನವಾಗಲಿ ಆಗಿರಲಿ. ಹೊರಗೆ ಚಾಚಿದ ಕೆಳಅಂಚಿನ ಕಲ್ಲು ಸ್ವಲ್ಪ ಹೊರಕ್ಕೆ ಇಳಿಜಾರಾಗಿರಲಿ, ಅದರ ಅಡಿಯಲ್ಲಿ ಉದ್ದಕ್ಕೆ ಒಂದು ಗೀರು ಕೊರೆದಿರಲಿ. ಆ ಗೀರಿಗೆ ಬಂದ ನೀರು ಮುಂದಕ್ಕೆ ಹರಿಯಲಾರದೆ ತೊಟ್ಟಿಕ್ಕಿ ಬೀಳುತ್ತದೆ, ಗೋಡೆ ಒಣಗಿರುತ್ತದೆ.

ಯು.ಪಿ.ವಿ.ಸಿ. ಮುಂತಾದ ಹೊಸ ವಸ್ತುಗಳಲ್ಲಿಯೂ ಕದದ ಕಿಟಕಿಗಳು ದೊರೆಯುತ್ತವೆ. ಅವಕ್ಕೆ ಗೆದ್ದಲಿಲ್ಲ, ಬಣ್ಣದ ಖರ್ಚಿಲ್ಲ. ಆದರೆ ಒಂದು ಭಾಗ ಕೆಟ್ಟರೆ ಅದೇ ಅಚ್ಚಿನ ಭಾಗವನ್ನೇ ಹುಡುಕಬೇಕು. ಮರದ ಕದ ಕೆಟ್ಟರೆ ಬೀದಿಯ ಬಡಗಿಯನ್ನು ಕರೆದರಾಯಿತು. ಕೊಳೆತ ಅಡ್ಡಪಟ್ಟಿಯೊಂದನ್ನು ತೆಗೆದು ಹೊಸದನ್ನು ಕೂಡಿಸಿಕೊಡುತ್ತಾನೆ. ತಲೆಮಾರುಗಳು ಬಾಳಿದ ಕಿಟಕಿಗಳು ಬಾಳಿದುದು ಮರದ ಬಲದಿಂದ ಮಾತ್ರವಲ್ಲ, ಇಂತಹ ರಿಪೇರಿಯ ಬಲದಿಂದ.

ಹಳೆಯ ಮನೆಗಳನ್ನು ಕೆಡವಿದಾಗ ಇಂತಹ ಕಿಟಕಿಗಳು ಹಳೆಯ ಮರದ ಅಂಗಡಿಗಳಿಗೆ ಬರುತ್ತವೆ. ವರ್ಷಗಟ್ಟಲೆ ಒಣಗಿದ ಆ ಮರವನ್ನು ಸೌದೆಯಾಗಲು ಬಿಡುವುದಕ್ಕಿಂತ ಕೊಂಡು ಬಳಸುವುದು ಉಚಿತ. ಆದರೆ ಗೋಡೆ ಏಳುವ ಮೊದಲೇ ಕೊಳ್ಳಿ, ಕಿಟಕಿಯ ಅಳತೆಗೆ ಗೋಡೆಯನ್ನು ಬಿಡಿ. ಚೌಕಟ್ಟಿನ ಕೆಳಭಾಗವನ್ನು ಚೂರಿಯ ಮೊನೆಯಿಂದ ಒತ್ತಿ ನೋಡಿ. ಮೊನೆ ಸುಲಭವಾಗಿ ಇಳಿದರೆ ಅದು ಕೊಳೆತಿದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ ನಮ್ಮ ದೇಶದಲ್ಲಿ ಆಚರಣೆಗೆ ಬಂದುದು 2017ರಲ್ಲಿ. ಆದುದರಿಂದ ಅಂತಹ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ತೇವಮಾಡಿ ತೆಗೆಸಬೇಕು, ಮಕ್ಕಳನ್ನು ದೂರವಿಡಬೇಕು.

ಕೊನೆಯದಾಗಿ, ಸಂಪ್ರದಾಯವೆಂದರೇನೆಂಬ ಮಾತು. ತೆರೆಯದ ಗಾಜಿಗೆ ಕೆತ್ತನೆಯ ಚೌಕಟ್ಟನ್ನು ಹೊಂದಿಸಿ ಅದನ್ನು ಸಂಪ್ರದಾಯದ ಕಿಟಕಿಯೆಂದು ಮಾರುವುದುಂಟು. ಬೆಂಗಳೂರಿನ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ ಮರದ ಪಟ್ಟಿಗಳಿಂದ ಮಾಡಿದ ಚೂಪಾದ ತಲೆಮರೆಗಳನ್ನು ನೀವು ನೋಡಿರಬಹುದು. ಮಂಕಿ ಟಾಪ್ ಎಂದು ಅವುಗಳ ಹೆಸರು. ಅವು ಕಣ್ಣಿಗೆ ಚೆಂದ, ಆದರೆ ಬಿಸಿಲು ಮಳೆಗಳಿಂದ ಕಿಟಕಿಗೆ ಮರೆಯನ್ನೂ ಒದಗಿಸುತ್ತವೆ. ಕೆಲಸವನ್ನು ಬಿಟ್ಟು ಚೆಂದವನ್ನಷ್ಟೇ ಅನುಕರಿಸಿದರೆ ನಮಗೆ ಸಿಕ್ಕುವುದು ಸಂಪ್ರದಾಯದ ಚಿತ್ರ, ಸಂಪ್ರದಾಯವಲ್ಲ.

ಆದುದರಿಂದ ಕಿಟಕಿಯನ್ನು ಆರಿಸುವಾಗ ಅಂಗಡಿಯಲ್ಲಿ ಅದನ್ನು ಮುಚ್ಚಿಟ್ಟು ನೋಡಬೇಡಿ, ತೆರೆದು ನೋಡಿ. ಎಷ್ಟು ತೆರೆಯುತ್ತದೆ, ಮನೆಯ ಮುದುಕರೂ ಮಕ್ಕಳೂ ಅದನ್ನು ಒಂದೇ ಕೈಯಿಂದ ತೆರೆಯಬಲ್ಲರೇ, ಕೆಟ್ಟರೆ ಸರಿಮಾಡುವವರು ನಮ್ಮ ಊರಿನಲ್ಲಿ ಇರುವರೇ, ಈ ಮೂರು ಪ್ರಶ್ನೆಗಳನ್ನು ಕೇಳಿ. ಮೂರಕ್ಕೂ ಒಪ್ಪುವ ಉತ್ತರ ಬಂದರೆ ಬಣ್ಣ, ಕೆತ್ತನೆಗಳ ಆಯ್ಕೆಯನ್ನು ನಿಮ್ಮ ಮನೆಯವರ ಅಭಿರುಚಿಗೆ ಬಿಡಬಹುದು.